ಆಟಿಸಂ ಇರುವ ಮಗುವಿಗೆ ಹೊಸ ಆಟದ ರುಚಿ ಹತ್ತಿಸುವುದು: ಯಾವ ಮಗುವಿಗೆ ಯಾವ ದಾರಿ

ಆಟಿಸಂ ಇರುವ ಮಕ್ಕಳ ಅಪ್ಪ-ಅಮ್ಮಂದಿರು ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕೇಳುವುದು ಒಂದೇ, "ಯಾವ ಆಟಿಕೆ ತರಲಿ ಮೇಡಂ?" ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹುಡುಕಿ, ಆನ್‌ಲೈನಿನಲ್ಲೂ ಹುಡುಕಿ, ಬ್ಲಾಕ್ಸು, ಪಜಲ್ಲು, ಹಾಡು ಹೇಳುವ ಬೊಂಬೆ ಎಲ್ಲಾ ತಂದಿರುತ್ತಾರೆ. ಅವೆಲ್ಲ ಅಟ್ಟ ಸೇರಿರುತ್ತವೆ. ಮಗು ಮಾತ್ರ ಜಗುಲಿಯಲ್ಲಿ ಕೂತು ಕುಕ್ಕರ್ ಮುಚ್ಚಳ ತಿರುಗಿಸುತ್ತಿರುತ್ತದೆ. ನನ್ನ ಪ್ರಕಾರ ಯಾವ ಆಟಿಕೆ ಅನ್ನೋದು ಎರಡನೇ ಪ್ರಶ್ನೆ. ಮಗುವಿಗೆ ಈಗ ಇಷ್ಟ ಇರುವುದರಿಂದ ಹೊರಟು ಹೊಸದನ್ನು ಮುಟ್ಟಲು ಯಾವ ದಾರಿ ಹಿಡಿಯಬೇಕು ಅನ್ನೋದು ಮೊದಲನೆಯದು. ದಾರಿಗಳು ನಾಲ್ಕೈದು ಇವೆ, ಎಲ್ಲವೂ ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ. ಅದಕ್ಕೇ ಒಂದರ ಪಕ್ಕ ಒಂದನ್ನು ಇಟ್ಟು ನೋಡೋಣ.

ಅದಕ್ಕೂ ಮೊದಲು ಒಂದು ಮಾತು ಹೇಳಲೇಬೇಕು. ಮುಚ್ಚಳ ತಿರುಗಿಸೋದು, ಕಾರುಗಳನ್ನು ಸಾಲಾಗಿ ಇಡೋದು, ಬಚ್ಚಲಿನ ನಲ್ಲಿಯ ನೀರನ್ನೇ ನೋಡುತ್ತಾ ಕೂರೋದು, ಇವೂ ಆಟವೇ. ಕೆಲವೇ ವಿಷಯಗಳಲ್ಲಿ ತುಂಬಾ ಆಳವಾದ ಆಸಕ್ತಿ, ಶಬ್ದ, ಬೆಳಕು, ಸ್ಪರ್ಶ ಇವುಗಳ ಅನುಭವ ಬೇರೆ ರೀತಿ ಆಗುವುದು, ಇದೆಲ್ಲ ಆಟಿಸಂನ ಲಕ್ಷಣ ಅಂತ ವೈದ್ಯರು ಬಳಸುವ ಡಿಎಸ್ಎಂ-5 ಕೈಪಿಡಿ 2013ರಲ್ಲೇ ಹೇಳಿದೆ. ಆ ಖುಷಿಯನ್ನು ಕಿತ್ತುಕೊಳ್ಳುವ ಕೆಲಸ ನಮ್ಮದಲ್ಲ. ಇಷ್ಟದ ಪಟ್ಟಿಗೆ ಇನ್ನಷ್ಟು ಸೇರಿಸುವುದು ಮಾತ್ರ ನಮ್ಮ ಕೆಲಸ.

ಯಾಕೆ ಸೇರಿಸಬೇಕು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಜುಲೈ ಗಾಳಿ-ಮಳೆಗೆ ಮರ ಬಿದ್ದು ಲೈನ್ ಹರಿದರೆ ಹೊಸನಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಕೂಡ ಹೋಗಿರುತ್ತದೆ. ಮಗುವಿಗೆ ಇಷ್ಟ ಅಂತ ಇರೋದು ಮೊಬೈಲಿನ ಒಂದೇ ಒಂದು ವಿಡಿಯೋ ಆಗಿದ್ದರೆ ಆ ದಿನಗಳನ್ನು ಕಳೆಯೋದು ಹೇಗೆ? ಇನ್ನೊಂದು ಕಾರಣ ಕಲಿಕೆ. ಒಂದೇ ಇಷ್ಟವನ್ನು ಇಟ್ಟುಕೊಂಡು ಕಲಿಸಲು ಕೂತರೆ ಅದು ಬೇಗ ಸಾಕಾಗುತ್ತದೆ, ಸಾಕಾದ ಮೇಲೆ ನಮ್ಮ ಕೈ ಖಾಲಿ. ಇಷ್ಟ ಹತ್ತು ಇದ್ದರೆ ಬಾಯಿಬಿಟ್ಟು ಕೇಳಲು ಹತ್ತು ನೆಪ ಸಿಗುತ್ತವೆ, ಅಕ್ಕನ ಜೊತೆಗೋ ಪಕ್ಕದ ಮನೆ ಮಾಣಿ ಜೊತೆಗೋ ಕೂತು ಆಡಲು ಹತ್ತು ದಾರಿ ತೆರೆಯುತ್ತವೆ.

ಈಗ ಏನು ಇಷ್ಟ ಅಂತ ತಿಳಿಯುವ ಮೂರು ಬಗೆ

ನಮ್ಮ ಮಗುವಿಗೆ ಏನು ಇಷ್ಟ ಅಂತ ನಮಗೆ ಗೊತ್ತಲ್ವಾ ಅನ್ನಿಸುವುದು ಸಹಜ. ಆದರೆ ನೋಡಿಕೊಳ್ಳುವವರ ಅಂದಾಜಿಗೂ ಎದುರಿಗೆ ಇಟ್ಟಾಗ ಆರಿಸುವುದಕ್ಕೂ ಎಷ್ಟೋ ಸಲ ತಾಳೆ ಆಗುವುದಿಲ್ಲ ಅಂತ 1980ರ ದಶಕದ ಅಧ್ಯಯನಗಳಲ್ಲೇ ಕಂಡುಬಂದಿತ್ತು. ಹಾಗಾಗಿ ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು.

ತೀರಾ ಸುಲಭದ್ದು ಸುಮ್ನೆ ನೋಡುವುದು. ಕೋಣೆಯಲ್ಲಿ ಏಳೆಂಟು ವಸ್ತು ಹರಡಿ, ಐದು ನಿಮಿಷ ಏನೂ ಕೇಳದೆ, ಏನೂ ಕಿತ್ತುಕೊಳ್ಳದೆ, ಯಾವುದನ್ನು ಎಷ್ಟು ಹೊತ್ತು ಹಿಡಿದಿದೆ ಅಂತ ಬರೆದುಕೊಳ್ಳುವುದು. 1998ರಲ್ಲಿ ಸಂಶೋಧಕ ರೋನ್ ಮತ್ತು ಜೊತೆಗಾರರು ಪ್ರಕಟಿಸಿದ ಕ್ರಮ ಇದು. ಅಳು ಇಲ್ಲ, ರಂಪ ಇಲ್ಲ, ಬೇಗ ಮುಗಿಯುತ್ತದೆ. ಕೊರತೆ ಏನೆಂದರೆ ಮಗು ಐದೂ ನಿಮಿಷ ಒಂದನ್ನೇ ಹಿಡಿದು ಕೂತರೆ ನಿಮಗೆ ಸಿಗೋದು ಒಂದೇ ಹೆಸರು.

ಎರಡನೆಯದು ಜೋಡಿ ಇಡುವುದು, 1992ರಲ್ಲಿ ಫಿಶರ್ ಮತ್ತು ಜೊತೆಗಾರರು ವಿವರಿಸಿದ್ದು. ಎರಡೆರಡು ವಸ್ತು ಹಿಡಿದು "ಒಂದು ತಗೋ" ಅನ್ನುತ್ತೀರಿ. ಪ್ರತಿಯೊಂದೂ ಉಳಿದ ಎಲ್ಲದರ ಜೊತೆ ಒಮ್ಮೆ ಜೋಡಿಯಾಗಬೇಕು, ಅಂದರೆ ಎಂಟು ವಸ್ತುಗಳಿಗೆ 28 ಜೋಡಿ. ಸಮಯ ಹಿಡಿಯುತ್ತದೆ, ಒಂದೇ ದಿನ ಮುಗಿಸಲು ಹೋಗಬೇಡಿ. ಆದರೆ ಮೊದಲಿನಿಂದ ಕೊನೆಯವರೆಗೆ ಒಂದು ಕ್ರಮ ಸಿಗುತ್ತದೆ. ಬಹಳ ವಸ್ತು ಒಟ್ಟಿಗೆ ಕಂಡರೆ ಗಲಿಬಿಲಿಯಾಗುವ ಮಗುವಿಗೆ ಇದೇ ಸರಿ. ಯಾವಾಗಲೂ ಬಲಗಡೆಯದನ್ನೇ ಎತ್ತಿಕೊಳ್ಳುತ್ತಿದ್ದರೆ ಅದು ಇಷ್ಟ ಅಲ್ಲ, ಅಭ್ಯಾಸ. ಜಾಗ ಅದಲು ಬದಲು ಮಾಡಿ ಮತ್ತೆ ಇಟ್ಟು ನೋಡಿ.

ಮೂರನೆಯದು ಸಾಲು. ಐದರಿಂದ ಏಳು ವಸ್ತು ಸಾಲಾಗಿ ಇಟ್ಟು, ಮಗು ಒಂದನ್ನು ಆರಿಸಿ ಅರ್ಧ ನಿಮಿಷ ಆಡಿದ ಮೇಲೆ ಅದನ್ನು ಪಕ್ಕಕ್ಕಿಟ್ಟು, ಉಳಿದವುಗಳ ಜಾಗ ಬದಲಿಸಿ ಮತ್ತೆ ಆರಿಸಲು ಬಿಡುವುದು. 1996ರಲ್ಲಿ ಡಿಲಿಯಾನ್ ಮತ್ತು ಇವಾಟ ಇದನ್ನು ಜೋಡಿ ಕ್ರಮದ ಜೊತೆ ಹೋಲಿಸಿ ನೋಡಿದ್ದರು. ಜೋಡಿಗಿಂತ ಬೇಗ ಮುಗಿಯುತ್ತದೆ, ಕ್ರಮವೂ ಸಿಗುತ್ತದೆ. ಆದರೆ ಪ್ರತಿ ಸಲ ಕೈಯಿಂದ ವಾಪಸ್ ತಗೋಬೇಕು. ಕೊಟ್ಟದ್ದನ್ನು ಬಿಡಲು ಆಗದೆ ನೆಲಕ್ಕೆ ತಲೆ ಚಚ್ಚಿಕೊಳ್ಳುವ ಮಗುವಿಗೆ ಇದು ಬೇಡವೇ ಬೇಡ, ಅಂಥ ಮಗುವಿಗೆ ಸುಮ್ನೆ ನೋಡುವುದೇ ಸಾಕು. ಮನೆಯಲ್ಲಿ ಮಾಡುವವರಿಗೆ ನಾನು ಹೇಳೋದು ಇಷ್ಟು: ನೋಡುವುದರಿಂದ ಶುರು ಮಾಡಿ, ಬೇರೆ ಬೇರೆ ದಿನ ನೋಡಿ, ಆಮೇಲೆ ಬೇಕಾದರೆ ಸಾಲು ಹಾಕಿ. ತಿಂಡಿ ಮತ್ತು ಆಟಿಕೆಯನ್ನು ಒಂದೇ ಸಾಲಿನಲ್ಲಿ ಇಡಬೇಡಿ. ಚಕ್ಕುಲಿ ಪಕ್ಕದಲ್ಲಿದ್ದರೆ ಒಳ್ಳೆಯ ಆಟಿಕೆಯೂ ಸೋಲುತ್ತದೆ. ಹೀಗೆ ತಿಂಡಿ ಆಟಿಕೆಯನ್ನು ಹಿಂದೆ ತಳ್ಳುವುದು 1997ರ ಅಧ್ಯಯನವೊಂದರಲ್ಲೂ ಕಂಡಿದೆ.

ಇಷ್ಟದ ಗುಣ ಹಿಡಿದು ಹೋಗುವ ದಾರಿ

ನನ್ನ ಪಟ್ಟಿಯಲ್ಲಿ ಇದಕ್ಕೇ ಮೊದಲ ಜಾಗ. ಕುಕ್ಕರ್ ಮುಚ್ಚಳದಲ್ಲಿ ಮಗುವಿಗೆ ಹಿಡಿಸಿದ್ದು ಏನು? ತಿರುಗೋದಾ, ಹೊಳೆಯೋದಾ, ನೆಲಕ್ಕೆ ತಾಗಿದಾಗಿನ ಗಣಗಣ ಶಬ್ದವಾ? ಕಂಡುಹಿಡಿಯೋದು ಕಷ್ಟ ಅಲ್ಲ. ಕಂಬಳಿ ಮೇಲೆ ತಿರುಗಿಸಲು ಕೊಡಿ, ಶಬ್ದ ಹೋಯಿತು. ಮರದ ಮುಚ್ಚಳ ಕೊಡಿ, ಹೊಳಪು ಹೋಯಿತು. ಯಾವುದು ಹೋದಾಗ ಮಗು ಎದ್ದು ಹೋಗುತ್ತದೋ ಅದೇ ಅದಕ್ಕೆ ಬೇಕಾದ ಗುಣ. ಗುಣ ಸಿಕ್ಕಿದ ಮೇಲೆ ಅದೇ ಗುಣ ಇರುವ ಬೇರೆ ವಸ್ತು ಹುಡುಕಬೇಕು. ತಿರುಗೋದು ಇಷ್ಟ ಅಂತಾದರೆ ಬುಗುರಿ, ಗಿರಗಿಟ್ಲೆ, ಕೈಯಿಂದ ತಿರುಗಿಸುವ ಸಣ್ಣ ಗಾಳಿಚಕ್ರ. ಶಬ್ದ ಅಂತಾದರೆ ಗೆಜ್ಜೆ, ತಾಳ, ಸ್ಟೀಲ್ ಡಬ್ಬದಲ್ಲಿ ಹಾಕಿ ಮುಚ್ಚಳ ಬಿಗಿದ ಹುಣಸೆ ಬೀಜ. ನೀರು ಇಷ್ಟ ಅಂತಾದರೆ ಆಲಿಕೆ, ತೂತಿನ ಡಬ್ಬ, ಮಳೆಗಾಲದಲ್ಲಿ ಸೂರಿನ ನೀರಿಗೆ ತಂಬಿಗೆ ಹಿಡಿಯುವುದು, ಅಂಗಳದಲ್ಲಿ ಕಾಗದದ ದೋಣಿ.

ಮೈ ಅಲ್ಲಾಡುವುದು, ಜಾರುವುದು, ಎತ್ತಿ ತಿರುಗಿಸುವುದು ಇಷ್ಟಪಡುವ ಮಕ್ಕಳಿಗೆ ನಮ್ಮೂರಿನ ಅಡಿಕೆ ಹಾಳೆಯಷ್ಟು ಒಳ್ಳೆಯ ಆಟಿಕೆಯನ್ನು ನಾನು ಯಾವ ಅಂಗಡಿಯಲ್ಲೂ ನೋಡಿಲ್ಲ. ತೋಟದಲ್ಲಿ ಬಿದ್ದಿರುತ್ತದೆ, ದುಡ್ಡು ಬೇಡ. ಮಗುವನ್ನು ಹಾಳೆ ಮೇಲೆ ಕೂರಿಸಿ ಅಂಗಳದಲ್ಲಿ ಎಳೆಯಿರಿ. ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ, ಎಳೆಯಲು ಇನ್ನೊಬ್ಬರು ಬೇಕೇ ಬೇಕು. ಮುಚ್ಚಳ ತಿರುಗಿಸಲು ಮಗುವಿಗೆ ಯಾರೂ ಬೇಡ, ಹಾಳೆ ಆಟಕ್ಕೆ ಅಪ್ಪಯ್ಯ ಬೇಕು, ಅಕ್ಕ ಬೇಕು. ಎಳೆದು, ನಡುವೆ ನಿಲ್ಲಿಸಿ, ಮಗು ತಿರುಗಿ ನಿಮ್ಮ ಮುಖ ನೋಡುವವರೆಗೆ, ಅಥವಾ ಹಗ್ಗ ಮುಟ್ಟುವವರೆಗೆ, ಅಥವಾ "ಎಳಿ" ಅನ್ನುವವರೆಗೆ ಒಂದು ಕ್ಷಣ ಕಾಯಬಹುದು. ಒಂದು ಕ್ಷಣ ಮಾತ್ರ. ಕಾಯಿಸಿ ಕಾಯಿಸಿ ಅಳಿಸಿದರೆ ಆಟವೇ ಕೆಟ್ಟುಹೋಗುತ್ತದೆ.

ಈ ದಾರಿ ಯಾರಿಗೆ? ತೀರಾ ಚಿಕ್ಕ ಮಕ್ಕಳಿಗೆ, ಮಾತು ಇನ್ನೂ ಬರದವರಿಗೆ, ಹೊಸದು ಕಂಡರೆ ಹೆದರುವವರಿಗೆ. ಹೊಸ ವಸ್ತುವಿನಲ್ಲೂ ಹಳೆಯ ಖುಷಿಯೇ ಇರುವುದರಿಂದ ಅಪಾಯ ಕಡಿಮೆ. ಮಿತಿಯೂ ಇದೆ. ಬರೀ ತಿರುಗುವ ವಸ್ತುಗಳನ್ನೇ ಸೇರಿಸುತ್ತಾ ಹೋದರೆ ಪಟ್ಟಿ ಉದ್ದ ಆಗುತ್ತದೆ, ಆಟದ ಬಗೆ ಮಾತ್ರ ಒಂದೇ ಉಳಿಯುತ್ತದೆ.

ಇಷ್ಟವನ್ನೇ ಹೊಸ ಆಟದ ಒಳಗೆ ಇಡುವುದು

ಒಂದು ವಿಷಯದ ಮೇಲೆ ಪ್ರಾಣ ಇಟ್ಟಿರುವ, ಸ್ವಲ್ಪ ದೊಡ್ಡ ಮಕ್ಕಳಿಗೆ ಇದು ಚೆನ್ನಾಗಿ ಹೊಂದುತ್ತದೆ. ರೈಲು ಅಂದರೆ ಸಾಕು ಅನ್ನುವ ಮಗುವನ್ನು ತಗೊಳ್ಳಿ. ಆನಂದಪುರ, ಸಾಗರ, ತಾಳಗುಪ್ಪ ಅಂತ ಸ್ಟೇಷನ್ನಿನ ಹೆಸರೆಲ್ಲ ಬಾಯಿಪಾಠ. ಅವನಿಗೆ ಬ್ಲಾಕ್ಸ್ ಬೇಡ, ಆದರೆ ಬ್ಲಾಕ್ಸಿನಲ್ಲಿ ತಾಳಗುಪ್ಪ ಸ್ಟೇಷನ್ ಕಟ್ಟೋಣ ಅಂದರೆ ಬರುತ್ತಾನೆ. ಬಣ್ಣ ಹಚ್ಚುವುದು ಬೇಡ, ಬೋಗಿಗೆ ಹಚ್ಚುವುದಾದರೆ ಸರಿ. ಟಿಕೆಟ್ ಕೊಡುವ ಆಟದಲ್ಲಿ ಎಣಿಕೆ ಬರುತ್ತದೆ, ಇನ್ನೊಬ್ಬರ ಸರದಿ ಕಾಯುವುದೂ ಬರುತ್ತದೆ. ಇಲ್ಲಿ ಮಗುವಿನ ಆಸೆಯೇ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ಆದರೆ ನಿಧಾನ. ಅವನ ಲೋಕಕ್ಕೆ ಕೈ ಹಾಕುವಾಗ ಒಂದು ಸಲಕ್ಕೆ ಒಂದೇ ಹೊಸದು ಸೇರಿಸಿ. ಸಾಲಾಗಿ ಜೋಡಿಸಿಟ್ಟ ಬೋಗಿಗಳನ್ನು ಕಿತ್ತು "ಈಗ ಹೀಗೆ ಆಡೋಣ" ಅಂದರೆ ಅವನಿಗೆ ಇದ್ದ ಒಂದು ಖುಷಿಯೂ ಹೋಯಿತು ಅನ್ನಿಸುತ್ತದೆ. ಅವನ ಸಾಲಿನ ಕೊನೆಗೆ ನಿಮ್ಮದೊಂದು ಬೋಗಿ ಸೇರಿಸಿ, ಒಪ್ಪಿದರೆ ಮುಂದಕ್ಕೆ ಹೋಗಿ. ಕೈ ತಳ್ಳಿದರೆ ಇವತ್ತಿಗೆ ಅಲ್ಲಿಗೇ ಬಿಡಿ.

ಪಕ್ಕಪಕ್ಕ ಇಟ್ಟು ಹಿಡಿಸುವುದು

ಹೊಸ ವಸ್ತುವನ್ನು ಇಷ್ಟದ ವಸ್ತುವಿನ ಜೊತೆಗೆ, ಇಷ್ಟದ ಮನುಷ್ಯರ ಜೊತೆಗೆ ಮತ್ತೆ ಮತ್ತೆ ಕಾಣುವಂತೆ ಮಾಡುವುದು. ಅಜ್ಜಿ ಕಾಲಮೇಲೆ ಕೂರಿಸಿ ತೂಗುವಾಗ ಮಾತ್ರ ಆ ಚಿತ್ರದ ಪುಸ್ತಕ ಹೊರಗೆ ಬರುತ್ತದೆ, ಹೀಗೆ. ಮಗುವಿನಿಂದ ಏನನ್ನೂ ಕೇಳುವಂತಿಲ್ಲ, ಮುಟ್ಟು ಅನ್ನುವಂತಿಲ್ಲ. ನುಜ್ಜೊಲೊ-ಗೋಮೆಜ್, ಗ್ರೀರ್ ಮತ್ತು ಜೊತೆಗಾರರು 2002ರಲ್ಲಿ ಈ ಬಗೆಯ ಜೋಡಣೆಯಿಂದ ಆಟಿಸಂ ಇರುವ ಮಕ್ಕಳು ಪುಸ್ತಕ, ಆಟಿಕೆಗಳ ಕಡೆ ಒಲಿದದ್ದನ್ನು ವರದಿ ಮಾಡಿದ್ದಾರೆ. ಕೆಲವು ಮಕ್ಕಳಲ್ಲಿ ಬೇಗ ಆಗುತ್ತದೆ, ಕೆಲವರಲ್ಲಿ ಬಹಳ ಸಮಯ ಹಿಡಿಯುತ್ತದೆ, ಕೆಲವರಲ್ಲಿ ಜೋಡಣೆ ನಿಲ್ಲಿಸಿದ ಕೂಡಲೇ ಆಸೆಯೂ ಇಳಿದುಬಿಡುತ್ತದೆ. ತಾಳ್ಮೆ ಇರುವ ಮನೆಗೆ ಮಾತ್ರ ಇದನ್ನು ಹೇಳುತ್ತೇನೆ.

ಇದರದೇ ಒಂದು ಬಗೆ ನನಗೆ ತುಂಬಾ ಇಷ್ಟ. ಎರಡು ಮುಚ್ಚಳ ತನ್ನಿ. ಒಂದು ಮಗುವಿಗೆ, ಒಂದು ನಿಮಗೆ. ಮಗು ಮಾಡಿದ್ದನ್ನೇ ನೀವೂ ಪಕ್ಕದಲ್ಲಿ ಕೂತು ಮಾಡಿ, ಮಾತು ಬೇಡ. ದೊಡ್ಡವರು ಹೀಗೆ ಅನುಕರಣೆ ಮಾಡಿದಾಗ ಆಟಿಸಂ ಇರುವ ಮಕ್ಕಳು ಅವರ ಕಡೆ ಹೆಚ್ಚು ನೋಡುತ್ತಾರೆ ಅಂತ 1984ರಿಂದಲೇ ಅಧ್ಯಯನಗಳು ಹೇಳಿವೆ. ಮೊದಲು ನೀವು ಮಗುವಿಗೆ ಹಿಡಿಸಬೇಕು, ನಿಮ್ಮ ಕೈಯಲ್ಲಿರುವ ಆಟಿಕೆ ಆಮೇಲೆ. ದಿನವಿಡೀ "ಇದೇನು, ಅದೇನು, ಹೇಳು ಹೇಳು" ಅಂತ ಕೇಳುವವರನ್ನು ಕಂಡರೆ ಯಾವ ಮಗು ತಾನೇ ಹತ್ತಿರ ಬಂದೀತು?

ಆಡಿದರೆ ಇಷ್ಟದ್ದು ಕೊಡುತ್ತೇನೆ ಅನ್ನುವ ಪದ್ಧತಿ

"ಪಜಲ್ ಮುಗಿಸು, ಆಮೇಲೆ ಬುಗುರಿ." ಜಾಸ್ತಿ ಮಾಡಲು ಬಯಸುವ ಕೆಲಸವನ್ನು ಕಡಿಮೆ ಬಯಸುವ ಕೆಲಸದ ನಂತರಕ್ಕೆ ಇಟ್ಟರೆ ಆ ಕಡಿಮೆ ಬಯಸುವ ಕೆಲಸವೂ ಹೆಚ್ಚುತ್ತದೆ ಅಂತ ಮನಶ್ಶಾಸ್ತ್ರಜ್ಞ ಡೇವಿಡ್ ಪ್ರೀಮ್ಯಾಕ್ 1959ರಲ್ಲಿ ತೋರಿಸಿದ್ದು. ಹಲ್ಲುಜ್ಜುವುದು, ಬಟ್ಟೆ ಹಾಕಿಕೊಳ್ಳುವುದು, ಬರೆಯುವುದು, ಇಂಥ ಮಾಡಲೇಬೇಕಾದ ಕೆಲಸಕ್ಕೆ ಇದು ಗಟ್ಟಿ. ಆಟದ ಮೇಲೆ ಆಸೆ ಹುಟ್ಟಿಸಲು ಮಾತ್ರ ನಾನು ಇದನ್ನು ಕೊನೆಗೆ ಇಡುತ್ತೇನೆ. ಆಟ ಹೋಮ್‌ವರ್ಕ್ ಆಗಿಬಿಡುತ್ತದೆ. ಬಹುಮಾನ ನಿಂತ ದಿನ ಪಜಲ್ಲೂ ನಿಲ್ಲುತ್ತದೆ. ಆದರೂ ಒಂದು ಜಾಗದಲ್ಲಿ ಬೇಕಾಗುತ್ತದೆ: ಆ ಆಟ ಹೇಗೆ ಆಡುವುದು ಅಂತಲೇ ಮಗುವಿಗೆ ಗೊತ್ತಿಲ್ಲದಿದ್ದಾಗ. ಕೈ ಹಿಡಿದು, ಸಣ್ಣ ಸಣ್ಣ ಹೆಜ್ಜೆಯಲ್ಲಿ ಕಲಿಸಿ, ಕೈ ಕೂತ ಮೇಲೆ ಬಹುಮಾನ ನಿಧಾನಕ್ಕೆ ಕಡಿಮೆ ಮಾಡಿ. ಆಡಲು ಬಂದ ಮೇಲೆ ಆಟದ ರುಚಿ ತಾನಾಗಿ ಹತ್ತುವ ಮಕ್ಕಳೂ ಇದ್ದಾರೆ.

ಇಷ್ಟದ್ದನ್ನು ಬಚ್ಚಿಡಬಹುದಾ?

"ಆ ಮುಚ್ಚಳ ಎಸೆದುಬಿಟ್ಟರೆ ಬೇರೆ ಆಟ ಆಡುತ್ತಾನೆ" ಅಂತ ಮನೆಯ ಹಿರಿಯರು ಹೇಳುವುದುಂಟು. ಎಸೆಯಬೇಡಿ. ಅದು ಎಷ್ಟೋ ಮಕ್ಕಳಿಗೆ ಮನಸ್ಸನ್ನು ಸಮಾಧಾನಕ್ಕೆ ತರುವ ವಸ್ತು. ಅದು ಇಲ್ಲ ಅಂದಾಗ ಬರುವುದು ಹೊಸ ಆಟ ಅಲ್ಲ, ಅಳು ಮತ್ತು ಭಯ. ಬದಲಿಗೆ ಸರದಿ ಮಾಡಿ. ಆಟಿಕೆಗಳನ್ನು ಎರಡು ಮೂರು ಡಬ್ಬ ಮಾಡಿ, ಒಂದು ಡಬ್ಬ ಹೊರಗೆ, ಉಳಿದವು ಒಳಗೆ, ಕೆಲವು ದಿನಕ್ಕೊಮ್ಮೆ ಬದಲಿಸಿ. ಸ್ವಲ್ಪ ದಿನ ಕಾಣದ ವಸ್ತು ಮತ್ತೆ ಹೊಸದಾಗುತ್ತದೆ. ಪ್ರಾಣಪ್ರಿಯವಾದ ಆ ಒಂದು ವಸ್ತು ಮಾತ್ರ ದಿನಾ ಸಿಗಲಿ, ಯಾವಾಗ ಸಿಗುತ್ತದೆ ಅಂತ ಮಗುವಿಗೆ ಗೊತ್ತಿರಲಿ. ದಿನದ ಕ್ರಮ ತೋರಿಸುವ ಚಿತ್ರದ ಪಟ್ಟಿ ಗೋಡೆಗೆ ಅಂಟಿಸಿದರೆ ಒಳ್ಳೆಯದು.

ಕಲಿಸಲು ಕೂತಾಗ

1982ರಲ್ಲಿ ಮನಶ್ಶಾಸ್ತ್ರಜ್ಞ ಜ್ಯಾಕ್ ಮೈಕಲ್ ಬರೆದ ಒಂದು ವಿಚಾರ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ವಸ್ತುವಿನ ಬೆಲೆ ಯಾವಾಗಲೂ ಒಂದೇ ಅಲ್ಲ, ಆ ಹೊತ್ತಿನ ಸ್ಥಿತಿ ಅದನ್ನು ಏರಿಸುತ್ತದೆ, ಇಳಿಸುತ್ತದೆ. ಬೆಳಗ್ಗೆಯಿಂದ ಬುಗುರಿ ಆಡಿದ ಮಗುವಿಗೆ ಸಂಜೆ ಬುಗುರಿ ತೋರಿಸಿ "ಬುಗುರಿ ಅನ್ನು" ಅಂದರೆ ಏನೂ ಆಗುವುದಿಲ್ಲ. ಅದಕ್ಕೇ ಒಂದೆರಡು ಇಷ್ಟಗಳನ್ನು ಕಲಿಸುವ ಹೊತ್ತಿಗೆ ಅಂತ ಎತ್ತಿಡಿ. ಊಟ, ನೀರು, ಅಪ್ಪುಗೆ ಇವನ್ನು ಮಾತ್ರ ಯಾವತ್ತೂ ತಡೆಹಿಡಿಯಬಾರದು. ಅದು ಕಲಿಸುವುದಲ್ಲ, ಹಿಂಸೆ.

ಮಗು ಆರಿಸಬೇಕಾ, ನಾವಾ? ಮಗುವೇ ಆರಿಸಲಿ. ಕೋಗೆಲ್ ದಂಪತಿ 1987ರಲ್ಲಿ ಓ'ಡೆಲ್ ಜೊತೆ ಪ್ರಕಟಿಸಿದ ಮಾತು ಕಲಿಸುವ ಕ್ರಮದಲ್ಲಿ ಮಗು ಆರಿಸಿದ ವಸ್ತು, ಸರಿಯಾಗದಿದ್ದರೂ ಪ್ರಯತ್ನಕ್ಕೆ ಬೆಲೆ, ಕೇಳಿದ್ದೇ ಕೈಗೆ ಸಿಗುವುದು, ಇವೇ ಮುಖ್ಯ. "ಬು" ಅಂದರೂ ಬುಗುರಿ ಕೊಡಿ. ಬುಗುರಿ ಅಂದದ್ದಕ್ಕೆ ಚಾಕಲೇಟ್ ಕೊಟ್ಟರೆ ಮಾತಿಗೂ ವಸ್ತುವಿಗೂ ಸಂಬಂಧ ಎಲ್ಲಿ ಉಳಿಯಿತು? ಮಾತು ಬರದ ಮಗು ಚಿತ್ರ ತೋರಿಸಿ, ಕೈ ಸನ್ನೆ ಮಾಡಿ ಕೇಳಿದರೂ ಅದೂ ಕೇಳಿದ್ದೇ.

ಅಂಗಡಿಯದ್ದೋ, ಮನೆಯದ್ದೋ, ಮೊಬೈಲೋ

ದುಡ್ಡು ಖರ್ಚು ಮಾಡುವ ಮೊದಲು ಮನೆಯಲ್ಲಿ ಇರುವುದನ್ನು ಕೊಟ್ಟು ನೋಡಿ. ಗುಣ ಗೊತ್ತಾದ ಮೇಲೆ ಕೊಳ್ಳಿ. ಚನ್ನಪಟ್ಟಣದ ಮರದ ಆಟಿಕೆಗಳು ಕೈಗೆ ಹಿತ, ಬಣ್ಣ ಹಚ್ಚುವುದು ಅರಗಿನಿಂದ, ಕರೆಂಟೂ ಬೇಡ ಬ್ಯಾಟರಿಯೂ ಬೇಡ. ಬ್ಯಾಟರಿ ಆಟಿಕೆ ಬೆಳಕು-ಶಬ್ದ ಇಷ್ಟಪಡುವ ಮಗುವಿಗೆ ಸರಿ, ಆದರೆ ಬಟನ್ ಒತ್ತಿದರೆ ಎಲ್ಲವನ್ನೂ ಅದೇ ಮಾಡುತ್ತದೆ, ಮಗುವಿಗೆ ಮಾಡಲು ಏನೂ ಉಳಿಯುವುದಿಲ್ಲ. ಮೊಬೈಲ್ ಕೂಡ ಹಾಗೇ. ಪೂರ್ತಿ ಬಿಡಿಸಿ ಅನ್ನುವುದಿಲ್ಲ, ಅದರಲ್ಲಿ ಮಗು ನೋಡುವುದು ಏನು ಅಂತ ಗಮನಿಸಿ. ಜೆಸಿಬಿ ವಿಡಿಯೋ ನೋಡುವ ಮಗುವಿಗೆ ಮಣ್ಣು, ಸೌಟು, ಆಟದ ಜೆಸಿಬಿ ಕೊಡಬಹುದು.

ಅಪಾಯದ ಮಾತು ಇಲ್ಲೇ ಹೇಳಿಬಿಡುತ್ತೇನೆ, ವಸ್ತು ಬಾಯಿಗೆ ಹಾಕುವ ಅಭ್ಯಾಸ ಈ ಮಕ್ಕಳಲ್ಲಿ ಬಹಳ ದಿನ ಉಳಿಯಬಹುದು. ಗುಲಗಂಜಿ ನೋಡಲು ಚೆಂದ, ಕೆಂಪು-ಕಪ್ಪು, ಒಳಗೆ ಕಡು ವಿಷ. ಚೆನ್ನೆಮಣೆ ಆಟಕ್ಕೂ ಬೇಡ. ಹುಣಸೆ ಬೀಜ, ಗೋಲಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ, ಪಕ್ಕದಲ್ಲಿ ಕೂತಿರಬೇಕು. ಅಡಿಕೆಯೂ ಬಾಯಿಗೆ ಹೋಗಬಾರದು. ಆಟಿಕೆಯ ಬಿಲ್ಲೆಯಂಥ ಬಟನ್ ಬ್ಯಾಟರಿ ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು, ತಕ್ಷಣ ಆಸ್ಪತ್ರೆಗೆ ಓಡಬೇಕು. ನೀರು ಇಷ್ಟಪಡುವ ಮಗು ಮನೆಯಲ್ಲಿದ್ದರೆ ಬಾವಿಗೆ ಬಲೆ, ಕೃಷಿ ಹೊಂಡಕ್ಕೆ ಬೇಲಿ, ಗೇಟಿಗೆ ಚಿಲಕ. ಇದನ್ನು ಆಟಿಕೆಗಿಂತ ಮೊದಲು ಮಾಡಿಸಿ. ಕಣ್ಣು ತಪ್ಪಿಸಿ ನೀರಿನ ಕಡೆ ಹೋಗುವುದು ಆಟಿಸಂ ಇರುವ ಮಕ್ಕಳಲ್ಲಿ ನಿಜವಾದ ಅಪಾಯ.

ದಾರಿ ಬದಲಿಸುವುದು ಯಾವಾಗ

ಎರಡು ವಾರ ಒಂದೇ ದಾರಿಯಲ್ಲಿ ದಿನಾ ಸ್ವಲ್ಪ ಹೊತ್ತು ಆಡಿಸಿ ನೋಡಿ. ಬರೆದುಕೊಳ್ಳಬೇಕಾದ್ದು ಮೂರೇ: ಹೊಸದನ್ನು ತಾನಾಗಿ ಮುಟ್ಟಿತಾ, ಎಷ್ಟು ಹೊತ್ತು ಆಡಿತು, ಯಾರೂ ಹೇಳದೆ ಮತ್ತೆ ಅದರ ಹತ್ತಿರ ಹೋಯಿತಾ. ಮೂರನೆಯದಕ್ಕೆ ಹೌದು ಅಂತ ಬಂದರೆ ಅದು ಇಷ್ಟದ ಪಟ್ಟಿಗೆ ಸೇರಿತು. ಮುಟ್ಟುತ್ತದೆ ಆದರೆ ಬಿಟ್ಟುಬಿಡುತ್ತದೆ ಅಂತಾದರೆ ಹೇಗೆ ಆಡುವುದು ಅಂತ ಗೊತ್ತಿಲ್ಲದಿರಬಹುದು, ಕಲಿಸಿ. ಹತ್ತಿರವೇ ಬರುವುದಿಲ್ಲ, ಕಿವಿ ಮುಚ್ಚಿಕೊಳ್ಳುತ್ತದೆ ಅಂತಾದರೆ ಆ ವಸ್ತುವಿನ ಶಬ್ದವೋ ಸ್ಪರ್ಶವೋ ಹಿಂಸೆ ಆಗುತ್ತಿದೆ, ಅದನ್ನು ಬಿಟ್ಟು ಬೇರೆ ತನ್ನಿ. ಎಲ್ಲ ಆಟವೂ ಎಲ್ಲರಿಗೂ ಹಿಡಿಸಲೇಬೇಕು ಅಂತ ಏನಿದೆ?

ಮಗು ತನಗೆ ತಾನೇ ಹೊಡೆದುಕೊಳ್ಳುತ್ತಿದ್ದರೆ, ಇದ್ದ ಮಾತು, ಇದ್ದ ಆಟ ಕಳೆದುಕೊಳ್ಳುತ್ತಿದ್ದರೆ ಮನೆಯಲ್ಲೇ ಪ್ರಯೋಗ ಮಾಡುತ್ತಾ ಕೂರಬೇಡಿ. 2013ರಲ್ಲಿ ಶುರುವಾದ ಸರ್ಕಾರದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಯೋಜನೆಯಲ್ಲಿ ಮಕ್ಕಳನ್ನು ಪರೀಕ್ಷಿಸಿ, ಬೆಳವಣಿಗೆಯ ತೊಂದರೆಗೆ ಬೇಗ ನೆರವು ಕೊಡುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಕಳಿಸುವ ವ್ಯವಸ್ಥೆ ಇದೆ, ಅಂಗನವಾಡಿಯಲ್ಲಿ ವಿಚಾರಿಸಿ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ ಆಯಿಷ್, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ತೋರಿಸಬಹುದು. ಹೋಗುವಾಗ ನೀವು ಬರೆದಿಟ್ಟ ಪುಸ್ತಕ ತಗೊಂಡು ಹೋಗಿ. ಅದರ ಒಂದು ಪ್ರತಿ ಶಾಲೆಯ ಟೀಚರಿಗೂ ಕೊಡಿ: ಏನು ಇಷ್ಟ, ಅದರಲ್ಲಿ ಯಾವ ಗುಣ ಇಷ್ಟ, ಯಾವುದು ಕಂಡರೆ ಆಗುವುದಿಲ್ಲ, ಕೇಳಬೇಕಾದಾಗ ಹೇಗೆ ಕೇಳುತ್ತದೆ. ಒಂದೇ ಪುಟ ಸಾಕು.